ಗುರುತು ಕಾಯುವ ಮನೆ

ಹೆಸರು ಕೇಳಿ ಮೋಸ ಹೋಗುವವರೇ ಹೆಚ್ಚು. ಲಂಡನ್ನಿನ ‘ಕಾಲೇಜ್ ಆಫ್ ಆರ್ಮ್ಸ್’ನಲ್ಲಿ ವಿದ್ಯಾರ್ಥಿಗಳಿಲ್ಲ, ಪಾಠವಿಲ್ಲ, ಪರೀಕ್ಷೆಯೂ ಇಲ್ಲ. ‘ಆರ್ಮ್ಸ್’ ಎಂದರೆ ಆಯುಧವಲ್ಲವೇ ಎಂದುಕೊಂಡು ತುಪಾಕಿ, ಫಿರಂಗಿಗಳನ್ನು ಹುಡುಕಿಕೊಂಡು ಹೋದವರಿಗೂ ನಿರಾಸೆಯೇ. ಸೇಂಟ್ ಪಾಲ್ಸ್ ಕೆಥೆಡ್ರಲಿನಿಂದ ಥೇಮ್ಸ್ ನದಿಯ ಕಡೆಗೆ ಇಳಿಯುವಾಗ ಕ್ವೀನ್ ವಿಕ್ಟೋರಿಯಾ ರಸ್ತೆಯಲ್ಲಿ ಸಿಗುವ ಈ ಇಟ್ಟಿಗೆ ಕಟ್ಟಡ ಇರುವುದು ಬೇರೊಂದೇ ಕೆಲಸಕ್ಕೆ. ಯಾವ ಮನೆತನದ ಲಾಂಛನ ಯಾವುದು, ಯಾವ ಊರಿನ ಗುರುತು ಯಾವುದು, ಅದನ್ನು ಬಳಸುವ ಹಕ್ಕು ಯಾರಿಗುಂಟು, ಯಾರಿಗಿಲ್ಲ ಎಂಬುದನ್ನು ಬರೆದಿಡುವುದೇ ಆ ಕೆಲಸ. ಈ ಸಂಸ್ಥೆ ಅದನ್ನು ಐದು ಶತಮಾನಕ್ಕೂ ಹೆಚ್ಚು ಕಾಲದಿಂದ ಮಾಡಿಕೊಂಡು ಬಂದಿದೆ.

ಇಂಗ್ಲೆಂಡಿನ ಸಾಹೇಬರ ಲಾಂಛನ ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೇಳಬಹುದು. ಕರ್ನಾಟಕ ಸರ್ಕಾರದಿಂದ ಬಂದ ಯಾವುದಾದರೂ ಪತ್ರ ಮನೆಯಲ್ಲಿದ್ದರೆ ಅದನ್ನೊಮ್ಮೆ ತೆಗೆದಿಟ್ಟುಕೊಳ್ಳಿ. ಅದರ ತಲೆಯ ಮೇಲಿರುವ ಲಾಂಛನಕ್ಕೂ ಈ ಮನೆ ಕಾಯುವ ವಿದ್ಯೆಗೂ ಒಂದು ನಂಟಿದೆ. ಆ ನಂಟು ತಿಳಿಯಬೇಕಾದರೆ ಮೊದಲು ಇಲ್ಲೊಂದು ಸುತ್ತು ಹಾಕಿ ಬರಬೇಕು.

ಅಂಗಳದಲ್ಲಿ ನಿಂತು

ಮುಂಚಿತವಾಗಿ ಗೊತ್ತುಪಡಿಸಿಕೊಂಡು ಬರುವ ಗುಂಪುಗಳಿಗೆ ಕಟ್ಟಡವನ್ನು ತೋರಿಸುವ ಏರ್ಪಾಡು ಇಲ್ಲಿದೆ. ಸುತ್ತು ಶುರುವಾಗುವುದು ರಸ್ತೆಯ ಪಕ್ಕದ ಕಬ್ಬಿಣದ ಗೇಟಿನಿಂದ. ನೋಡಿದರೆ ಕಟ್ಟಡದಷ್ಟೇ ಹಳೆಯದೆನ್ನಿಸುವ ಈ ಗೇಟಿಗೂ ಕಟ್ಟಡಕ್ಕೂ ಹುಟ್ಟಿನ ಸಂಬಂಧವಿಲ್ಲ. ಹೆರೆಫರ್ಡ್‌ಶೈರ್ ಜಿಲ್ಲೆಯ ಗುಡ್ರಿಚ್ ಕೋರ್ಟ್ ಎಂಬ ದೊಡ್ಡ ಬಂಗಲೆಯಲ್ಲಿದ್ದ ಇದು, ಅಮೆರಿಕದ ದಾನಿಯೊಬ್ಬರ ಕೊಡುಗೆಯಾಗಿ 1956ರಲ್ಲಿ ಇಲ್ಲಿಗೆ ಬಂತು.

ಗೇಟು ದಾಟಿದರೆ ಅಂಗಳ. ಮೂರು ಕಡೆ ಕಟ್ಟಡ, ನಾಲ್ಕನೆಯ ಕಡೆ ರಸ್ತೆ. ಮೊದಲು ನಾಲ್ಕು ಕಡೆಯೂ ಕಟ್ಟಡವಿತ್ತು, ನಡುವೆ ಅಂಗಳವಿತ್ತು. ನಮ್ಮ ತೊಟ್ಟಿಯ ಮನೆಯನ್ನು ನೆನೆಸಿಕೊಂಡರಾಯಿತು. 1860ರ ದಶಕದಲ್ಲಿ ಈಗಿನ ರಸ್ತೆಯನ್ನು ಕೊರೆದಾಗ ಇಡೀ ಕಟ್ಟಡವೇ ಹೋಗುವುದರಲ್ಲಿತ್ತು. ಒಳಗಿದ್ದವರು ಗಟ್ಟಿಯಾಗಿ ವಿರೋಧಿಸಿದ್ದರಿಂದ ಮುಂಭಾಗ ಮಾತ್ರ ಹೋಗಿ ಉಳಿದದ್ದು ಉಳಿಯಿತು. ರಸ್ತೆ ಅಗಲೀಕರಣದ ಸುದ್ದಿ ಓದಿ ರೂಢಿಯಾದ ನಮಗೆ ಇದು ಅಪರಿಚಿತವಾದ ಕಥೆಯೇನಲ್ಲ.

ಸಂಸ್ಥೆ ಹುಟ್ಟಿದ್ದು 1484ರಲ್ಲಿ. ಮೂರನೆಯ ರಿಚರ್ಡ್ ದೊರೆ ಸನ್ನದು ಬರೆದುಕೊಟ್ಟು ಇರಲು ಕೋಲ್ಡ್‌ಹಾರ್ಬರ್ ಎಂಬ ಮನೆಯನ್ನೂ ಕೊಟ್ಟ. ಮರುವರ್ಷವೇ ಆತ ಬಾಸ್ವರ್ತ್ ಕಾಳಗದಲ್ಲಿ ಸತ್ತ. ಗೆದ್ದು ಬಂದ ಏಳನೆಯ ಹೆನ್ರಿ ಮನೆಯನ್ನು ಕಿತ್ತುಕೊಂಡ. ಮತ್ತೆ ಸ್ವಂತ ಸೂರು ಸಿಕ್ಕಿದ್ದು ಎಪ್ಪತ್ತು ವರ್ಷದ ಮೇಲೆ, 1555ರಲ್ಲಿ. ಮೇರಿ ರಾಣಿ ಮತ್ತು ಆಕೆಯ ಪತಿ ಫಿಲಿಪ್ ಹೊಸ ಸನ್ನದು ಕೊಟ್ಟು ಈ ಜಾಗದಲ್ಲಿದ್ದ ಡರ್ಬಿ ಪ್ಲೇಸ್ ಎಂಬ ಮನೆಯನ್ನು ಬಿಟ್ಟುಕೊಟ್ಟರು. 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರವನ್ನೇ ನುಂಗಿದ ಮಹಾ ಬೆಂಕಿಯಲ್ಲಿ ಆ ಮನೆಯೂ ಸುಟ್ಟುಹೋಯಿತು. ಮನೆ ಹೋದರೂ ಪುಸ್ತಕಗಳು ಹೋಗಲಿಲ್ಲ. ಬೆಂಕಿ ಹತ್ತಿರವಾಗುತ್ತಿದ್ದಂತೆ ಅವನ್ನು ದೋಣಿಗೆ ತುಂಬಿ ಥೇಮ್ಸ್ ನದಿಯ ಮೇಲೆ ವೈಟ್‌ಹಾಲ್ ಅರಮನೆಗೆ ಸಾಗಿಸಿದ್ದರು. ದೊರೆಯ ಇಟ್ಟಿಗೆ ಮೇಸ್ತ್ರಿಯಾಗಿದ್ದ ಮಾರಿಸ್ ಎಮ್ಮೆಟ್ ಎಂಬಾತನ ನಕ್ಷೆಯಂತೆ 1670ರ ದಶಕದಲ್ಲಿ ಎದ್ದು ನಿಲ್ಲತೊಡಗಿದ್ದೇ ಈಗ ನಾವು ನೋಡುವ ಕಟ್ಟಡ.

ಕಾಣದ ಮುಖಕ್ಕೆ ಕಾಣುವ ಗುರುತು

ಮೆಟ್ಟಿಲು ಹತ್ತಿ ಒಳಗೆ ಹೋದರೆ ಸಿಗುವುದು ಅರ್ಲ್ ಮಾರ್ಷಲ್‌ನ ನ್ಯಾಯಾಲಯದ ಕೊಠಡಿ. ಸುತ್ತ ಮರದ ಹಲಗೆ ಹೊದಿಸಿದ ಗೋಡೆ, ಕಟಕಟೆಯ ಹಿಂದೆ ಸಿಂಹಾಸನದಂಥ ಪೀಠ. ಅರ್ಲ್ ಮಾರ್ಷಲ್ ಎಂಬುದು ವಂಶಪಾರಂಪರ್ಯವಾಗಿ ನಾರ್ಫಕ್‌ನ ಡ್ಯೂಕ್ ಮನೆತನಕ್ಕೆ ಬಂದ ಪದವಿ. ಲಾಂಛನಗಳ ವಿಷಯಕ್ಕೆ ಈತನೇ ಮೇಲಧಿಕಾರಿ. ಸಾಮಾನ್ಯವಾಗಿ ಈ ವಿದ್ಯೆಯ ಮೊದಲ ಪಾಠ ಪ್ರವಾಸಿಗರಿಗೆ ಆಗುವುದು ಇಲ್ಲಿಯೇ.

ಹನ್ನೆರಡನೆಯ ಶತಮಾನದ ಯೂರೋಪಿನ ಸರದಾರ ಯುದ್ಧಕ್ಕೆ ಹೊರಟರೆ ಮೈಯೆಲ್ಲ ಕಬ್ಬಿಣ, ಮುಖವೂ ಕಬ್ಬಿಣದೊಳಗೆ. ಎದುರಿಗಿರುವವನು ತನ್ನವನೋ ಶತ್ರುವೋ ತಿಳಿಯುವಂತಿರಲಿಲ್ಲ. ಹಾಗಾಗಿ ಗುರಾಣಿಯ ಮೇಲೆ ಸಿಂಹವನ್ನೋ ಹದ್ದನ್ನೋ ಬರೀ ಪಟ್ಟಿಯನ್ನೋ ಬಳಿದುಕೊಳ್ಳುವ ರೂಢಿ ಹಬ್ಬಿತು. ಅದೇ ಚಿತ್ರ ಕವಚದ ಮೇಲೆ ತೊಡುವ ಅಂಗಿಯ ಮೇಲೂ ಬಂತು. ‘ಕೋಟ್ ಆಫ್ ಆರ್ಮ್ಸ್’ ಎಂಬ ಮಾತಿನಲ್ಲಿ ಕೋಟು ಉಳಿದುಕೊಂಡದ್ದು ಹೀಗೆ. ಅಪ್ಪನ ಗುರುತು ಮಗನಿಗೆ ಬಂದು, ಯುದ್ಧದ ಅಗತ್ಯ ಮನೆತನದ ಆಸ್ತಿಯಾಯಿತು.

ದೂರದಿಂದ ಥಟ್ಟನೆ ಕಾಣಬೇಕಾದ್ದರಿಂದ ಬಣ್ಣಕ್ಕೂ ಒಂದು ಕಟ್ಟಳೆ ಬಂತು. ಚಿನ್ನ, ಬೆಳ್ಳಿ ಎರಡು ‘ಲೋಹ’ಗಳು. ಬಳಿಯುವಾಗ ಹಳದಿಯೇ ಚಿನ್ನ, ಬಿಳಿಯೇ ಬೆಳ್ಳಿ. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ‘ಬಣ್ಣ’ಗಳು. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ನಮ್ಮ ಟ್ಯಾಕ್ಸಿಗಳ ಹಳದಿ ನಂಬರ್ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಎಷ್ಟು ದೂರದಿಂದ ಕಾಣುತ್ತದೆಂದು ಗಮನಿಸಿದವರಿಗೆ ಇದರ ಮರ್ಮ ಕೂಡಲೇ ತಿಳಿಯುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಕೆಂಪು ಸಿಂಹ ಆಗಬಹುದು. ನೀಲಿಯ ಮೇಲೆ ಕೆಂಪು ಸಿಂಹ ಆಗದು. ಈ ಬಿಳಿ-ಕೆಂಪಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸ್ವಾರಸ್ಯವುಂಟು. ಇಲ್ಲಿ ಪ್ರಮಾಣವೆನಿಸುವುದು ಚಿತ್ರವಲ್ಲ, ಅದರ ವರ್ಣನೆ. ಹಳೆಯ ಫ್ರೆಂಚ್ ಮಾತುಗಳು ಬೆರೆತ ವಿಚಿತ್ರ ಇಂಗ್ಲಿಷಿನಲ್ಲಿ ಒಂದೆರಡು ವಾಕ್ಯದ ವರ್ಣನೆ ಇರುತ್ತದೆ. ಅದರಲ್ಲಿ ಕೆಂಪಿಗೆ ‘ಗ್ಯೂಲ್ಸ್’, ಕಪ್ಪಿಗೆ ‘ಸೇಬಲ್’. ಅದನ್ನು ಓದಿ ಇಬ್ಬರು ಚಿತ್ರಕಾರರು ಎರಡು ಬಗೆಯ ಸಿಂಹ ಬರೆದರೂ ಎರಡೂ ಸರಿಯೇ. ಧ್ಯಾನಶ್ಲೋಕವೊಂದನ್ನು ಓದಿಕೊಂಡು ಬೇಲೂರಿನ ಶಿಲ್ಪಿ ಒಂದು ರೀತಿ, ಹಂಪಿಯ ಶಿಲ್ಪಿ ಇನ್ನೊಂದು ರೀತಿ ಮೂರ್ತಿ ಕಡೆಯುವುದಿಲ್ಲವೇ, ಹಾಗೆ.

ನ್ಯಾಯಾಲಯವೇನೋ ಇದೆ, ಮೊಕದ್ದಮೆಗಳಿಲ್ಲ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದ ಈ ಲಾಂಛನ ನ್ಯಾಯಾಲಯ 1954ರ ಡಿಸೆಂಬರಿನಲ್ಲಿ ಒಮ್ಮೆ ಕಣ್ಣು ತೆರೆಯಿತು. ಅದೂ ಈ ಕೊಠಡಿಯಲ್ಲಲ್ಲ, ಲಂಡನ್ನಿನ ದೊಡ್ಡ ನ್ಯಾಯಾಲಯದ ಕಟ್ಟಡದಲ್ಲಿ. ಮ್ಯಾಂಚೆಸ್ಟರಿನ ನಾಟಕಶಾಲೆಯೊಂದು ಆ ನಗರಸಭೆಯ ಲಾಂಛನವನ್ನು ತನ್ನ ರಂಗಪರದೆಯ ಮೇಲ್ಗಡೆಯೂ ಮುದ್ರೆಯಲ್ಲೂ ಹಾಕಿಕೊಂಡಿತ್ತೆಂಬುದು ದೂರು. ತೀರ್ಪು ನಗರಸಭೆಯ ಪರವಾಯಿತು. ಆಮೇಲೆ ನ್ಯಾಯಾಲಯ ಮತ್ತೆ ಕೂತಿಲ್ಲ.

ಹದಿಮೂರು ಮಂದಿ

ಇಲ್ಲಿನ ಅಧಿಕಾರಿಗಳು ಹದಿಮೂರು ಮಂದಿ. ‘ಕಿಂಗ್ಸ್ ಆಫ್ ಆರ್ಮ್ಸ್’ ಎಂಬ ಮೂವರು ಹಿರಿಯರು, ಆರು ಮಂದಿ ಹೆರಾಲ್ಡರು, ನಾಲ್ವರು ಕಿರಿಯರು. ಕಿರಿಯರ ಪದವಿಗಳ ಹೆಸರೇ ಅಜ್ಜಿಕಥೆಯಿಂದ ಎದ್ದು ಬಂದಂತಿವೆ. ರೂಜ್ ಡ್ರ್ಯಾಗನ್ ಎಂದರೆ ಕೆಂಪು ಡ್ರ್ಯಾಗನ್, ಬ್ಲೂಮ್ಯಾಂಟಲ್ ಎಂದರೆ ನೀಲಿ ನಿಲುವಂಗಿ, ರೂಜ್ ಕ್ರಾಯ್ ಎಂದರೆ ಕೆಂಪು ಶಿಲುಬೆ, ಪೋರ್ಟ್‌ಕಲಿಸ್ ಎಂದರೆ ಕೋಟೆ ಬಾಗಿಲಿನ ಇಳಿಬಿಡುವ ಕಬ್ಬಿಣದ ತಡಿಕೆ.

ಹೆರಾಲ್ಡರ ಪೂರ್ವಿಕರು ನಮ್ಮ ಹೊಗಳುಭಟರಿಗೆ ತೀರ ದೂರದವರಲ್ಲ. ಕತ್ತಿವರಸೆಯ ಪಂದ್ಯಗಳಲ್ಲಿ ಯಾರು ಬಂದರೆಂದು ಕೂಗಿ ಹೇಳುವುದು, ರಾಜನ ಮಾತನ್ನು ಶತ್ರುವಿಗೆ ಮುಟ್ಟಿಸುವುದು ಅವರ ಕೆಲಸವಾಗಿತ್ತು. ಗುರಾಣಿ ನೋಡಿ ಆಳನ್ನು ಗುರುತಿಸಬೇಕಾದವರು ಗುರಾಣಿಗಳ ಪಟ್ಟಿ ಇಟ್ಟುಕೊಳ್ಳತೊಡಗಿದ್ದು ಸಹಜವೇ. ಕೂಗುವ ಕೆಲಸ ಪೂರ್ತಿ ನಿಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಎಲಿಜಬೆತ್ ರಾಣಿ ತೀರಿಕೊಂಡಾಗ ಸೇಂಟ್ ಜೇಮ್ಸ್ ಅರಮನೆಯ ಉಪ್ಪರಿಗೆಯಿಂದ ಮೂರನೆಯ ಚಾರ್ಲ್ಸ್ ದೊರೆಯಾದನೆಂದು ಸಾರಿದ್ದು ಇಲ್ಲಿನ ಹಿರಿಯ ಅಧಿಕಾರಿ ಗಾರ್ಟರ್ ಕಿಂಗ್ ಆಫ್ ಆರ್ಮ್ಸ್.

ಇಷ್ಟೆಲ್ಲ ವೈಭವದವರ ಸರ್ಕಾರಿ ಸಂಬಳ ಕೇಳಿದರೆ ನಗು ಬರುತ್ತದೆ. ಗಾರ್ಟರ್‌ಗೆ ವರ್ಷಕ್ಕೆ 49 ಪೌಂಡ್ 7 ಪೆನ್ಸ್. ಕಿರಿಯರಿಗೆ 14 ಪೌಂಡಿಗೂ ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಳಿಸಿದ ಸಂಬಳ ಮತ್ತೆ ಏರಲೇ ಇಲ್ಲ. ಹೊಟ್ಟೆಪಾಡು ನಡೆಯುವುದು ವಂಶಾವಳಿ ಹುಡುಕಿಕೊಡುವ ಕೆಲಸದಿಂದ ಮತ್ತು ಹೊಸ ಲಾಂಛನ ಬೇಡುವವರು ಕಟ್ಟುವ ಶುಲ್ಕದಿಂದ. ಇಂದಿಗೂ ಬೇಡುವವರಿದ್ದಾರೆ. ಅರ್ಲ್ ಮಾರ್ಷಲ್‌ಗೆ ಅರ್ಜಿ, ಹಲವು ಸಾವಿರ ಪೌಂಡ್ ಶುಲ್ಕ, ಹಿಂದೆ ಯಾರಿಗೂ ಕೊಡದ ವಿನ್ಯಾಸವೇ ಎಂಬ ಪರಿಶೀಲನೆ, ಚರ್ಮದ ಹಾಳೆಯ ಮೇಲೆ ಕೈಯಿಂದ ಬಿಡಿಸಿದ ಚಿತ್ರ ಮತ್ತು ಬರಹ, ಅರಗಿನ ಮುದ್ರೆ. ಕೊನೆಯದಾಗಿ, ಅಷ್ಟನ್ನೂ ರಿಜಿಸ್ಟರಿನಲ್ಲಿ ನಕಲು ಮಾಡಿಕೊಳ್ಳುವುದು. ಹಾಳೆ ಮನೆಗೆ ಹೋಗುತ್ತದೆ. ಹಕ್ಕು ಉಳಿಯುವುದು ರಿಜಿಸ್ಟರಿನಲ್ಲಿ.

ನಾಟಕದವನಿಗೇಕೆ ಈಟಿ?

ಈ ಮನೆಯಲ್ಲಿರುವ ಕಾಗದಗಳಲ್ಲಿ ಹೆಚ್ಚು ಹೆಸರಾದವು 1596ರ ಎರಡು ಕರಡು ಪ್ರತಿಗಳು. ಸ್ಟ್ರಾಟ್‌ಫರ್ಡ್ ಊರಿನಲ್ಲಿ ಕೈಗವಸು ಮಾಡುತ್ತಿದ್ದ, ಒಂದು ಕಾಲಕ್ಕೆ ಆ ಊರಿನ ಮುಖ್ಯಸ್ಥನೂ ಆಗಿದ್ದ ಜಾನ್ ಶೇಕ್ಸ್‌ಪಿಯರ್‌ಗೆ ಲಾಂಛನ ಕೊಡಮಾಡಿದ ಪತ್ರದ ಕರಡು ಅವು. ಹಳದಿ ಗುರಾಣಿ, ಅದರ ಮೇಲೆ ಕಪ್ಪು ಓರೆಪಟ್ಟಿ, ಪಟ್ಟಿಯೊಳಗೆ ಒಂದು ಈಟಿ. ಮೇಲೆ ಈಟಿ ಹಿಡಿದ ಗಿಡುಗ. ಇಂಗ್ಲಿಷಿನಲ್ಲಿ ‘ಸ್ಪಿಯರ್’ ಎಂದರೆ ಈಟಿ. ಹೆಸರಿನ ಶ್ಲೇಷೆಯೇ ಲಾಂಛನ. ಅಪ್ಪನಿಗೆ ಬಂದದ್ದು ಮಗ ವಿಲಿಯಂಗೂ ಬಂತು.

ಆರು ವರ್ಷದ ಮೇಲೆ, 1602ರಲ್ಲಿ, ಇದೇ ಮನೆಯ ರಾಲ್ಫ್ ಬ್ರೂಕ್ ಎಂಬ ಹೆರಾಲ್ಡ್ ತಕರಾರು ತೆಗೆದ. ಮೇಲಧಿಕಾರಿಗಳು ಯೋಗ್ಯತೆ ಇಲ್ಲದವರಿಗೆಲ್ಲ ಲಾಂಛನ ಹಂಚಿದ್ದಾರೆಂದು ಪಟ್ಟಿಯನ್ನೇ ಮಾಡಿದ. ಅದರಲ್ಲಿ ಶೇಕ್ಸ್‌ಪಿಯರ್ ಹೆಸರೂ ಇತ್ತು. ನಾಟಕವಾಡುವವನಿಗೆ ಈ ಮರ್ಯಾದೆ ಏಕೆಂಬುದು ಆ ಕಾಲದ ಗಣ್ಯರಿಗೆ ಅಸಹಜವಾದ ಪ್ರಶ್ನೆಯೇನಲ್ಲ. ಕೊಟ್ಟವರು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಂಡರು. ಅವರಲ್ಲೊಬ್ಬ, ವಿಲಿಯಂ ಕ್ಯಾಮ್ಡನ್, ಆ ಕಾಲದ ದೊಡ್ಡ ಇತಿಹಾಸಕಾರ. ಇಂದು ಬ್ರೂಕ್‌ನ ಹೆಸರು ನೆನಪಿಗೆ ಬರುವುದೇ ಈ ತಕರಾರಿನ ದೆಸೆಯಿಂದ.

ಹಾಗೆಂದು ಬ್ರೂಕ್ ಒಬ್ಬನೇ ಬಿಗಿಯಾಗಿದ್ದನೆನ್ನುವಂತಿಲ್ಲ. 1530ರಿಂದ 1688ರವರೆಗೆ ಇಲ್ಲಿನ ಅಧಿಕಾರಿಗಳು ಜಿಲ್ಲೆ ಜಿಲ್ಲೆಗೆ ಸವಾರಿ ಹೋಗಿ ಮನೆತನಗಳ ವಂಶಾವಳಿ ಬರೆದುಕೊಂಡು ಬರುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತಿನ ಮೇಲೆ ಹೊತ್ತಗೆ ಹೇರಿಕೊಂಡು ಬಂದು ಮುತ್ತಜ್ಜನ ಮುತ್ತಜ್ಜನವರೆಗೆ ಹೆಸರು ಹೇಳುವ ಹೆಳವರನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ವ್ಯತ್ಯಾಸವೆಂದರೆ, ಹೆಳವ ಬಂದು ವಂಶ ಹೊಗಳಿ ಕಾಳುಕಡಿ ಪಡೆದು ಹೋಗುತ್ತಾನೆ. ಹೆರಾಲ್ಡ್ ರಾಜಾಜ್ಞೆ ಹಿಡಿದು ಬರುತ್ತಿದ್ದ. ಹಕ್ಕಿಲ್ಲದೆ ಲಾಂಛನ ಹಾಕಿಕೊಂಡವನ ಹೆಸರನ್ನು ಎಲ್ಲರೆದುರು ಸಾರಿ, ಇವನು ಕುಲೀನನಲ್ಲ ಎಂದು ಘೋಷಿಸುತ್ತಿದ್ದ. ಒಂದು ಪುಸ್ತಕದ ಹಾಳೆ ಮನುಷ್ಯನನ್ನು ಮೇಲಕ್ಕೂ ಎತ್ತಬಹುದಿತ್ತು, ಸಂತೆಯಲ್ಲಿ ತಲೆ ತಗ್ಗಿಸುವಂತೆಯೂ ಮಾಡಬಹುದಿತ್ತು.

ಬೆಂಕಿಯ ಭಯ

ಸುತ್ತಿನ ಬಹುಮುಖ್ಯ ಭಾಗ ದಾಖಲೆ ಕೊಠಡಿ. ಒಮ್ಮೆ ಎಲ್ಲವನ್ನೂ ಕಳೆದುಕೊಳ್ಳುವ ಅಂಚಿಗೆ ಬಂದವರಿಗೆ ಬೆಂಕಿಯ ಭಯ ರಕ್ತದಲ್ಲೇ ಸೇರಿತ್ತು. ಪಕ್ಕದಲ್ಲಿದ್ದ ಸಕ್ಕರೆ ಕಾರ್ಖಾನೆಯ ಒಲೆಗಳನ್ನು ನೋಡಿ ನಿದ್ದೆಗೆಟ್ಟು, ಕೊನೆಗೆ ಆ ಜಾಗವನ್ನೇ ಕೊಂಡುಕೊಂಡರು. 1840ರ ದಶಕದಲ್ಲಿ ಭದ್ರವಾದ ದಾಖಲೆ ಕೊಠಡಿ ಕಟ್ಟಿಸಿದರು. ಎರಡನೆಯ ಮಹಾಯುದ್ಧ ಬಂದಾಗ ಪುಸ್ತಕಗಳನ್ನು ದೂರದ ಥಾರ್ನ್‌ಬರಿ ಕೋಟೆಗೆ ಕಳಿಸಿದ್ದರು. 1941ರ ಮೇ 10ರ ರಾತ್ರಿ ಜರ್ಮನ್ ಬಾಂಬುಗಳಿಂದ ಹೊತ್ತಿದ ಬೆಂಕಿ ಅಕ್ಕಪಕ್ಕದ ಕಟ್ಟಡಗಳನ್ನು ಸುಡುತ್ತಾ ಬಂತು. ಇದಕ್ಕೂ ಹತ್ತಿತು ಎನ್ನುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. 2009ರ ಫೆಬ್ರವರಿಯಲ್ಲಿ ಇನ್ನೊಮ್ಮೆ ಬೆಂಕಿ ಬಿದ್ದು ಮೇಲಂತಸ್ತಿಗೆ ಹಾನಿಯಾದರೂ ದಾಖಲೆಗಳಿಗೆ ಏನೂ ಆಗಲಿಲ್ಲ.

ಹೀಗೆ ಉಳಿದುಬಂದ ದಾಖಲೆಗಳಲ್ಲಿ ಸುಮಾರು ಅರವತ್ತು ಅಡಿ ಉದ್ದದ ಒಂದು ಚಿತ್ರಸುರುಳಿಯಿದೆ. ಎಂಟನೆಯ ಹೆನ್ರಿ ಮಗ ಹುಟ್ಟಿದ ಸಂಭ್ರಮಕ್ಕೆ 1511ರ ಫೆಬ್ರವರಿಯಲ್ಲಿ ನಡೆಸಿದ ಪಂದ್ಯದ ಮೆರವಣಿಗೆ ಅದರಲ್ಲಿದೆ. ಆ ಮಗು ಅದೇ ತಿಂಗಳು ತೀರಿಕೊಂಡಿತು. ಸುರುಳಿ ಮಾತ್ರ ಬಣ್ಣಗೆಡದೆ ಉಳಿಯಿತು. ಕುದುರೆಯ ಮೇಲೆ ಕೂತು ಕಹಳೆ ಊದುವವರ ಸಾಲಿನಲ್ಲಿ ಪೇಟದಂಥ ಮುಂಡಾಸು ಸುತ್ತಿದ ಕಪ್ಪು ಮನುಷ್ಯನೊಬ್ಬ ಎರಡು ಸಲ ಕಾಣಿಸಿಕೊಳ್ಳುತ್ತಾನೆ. ಅವನ ಹೆಸರು ಜಾನ್ ಬ್ಲ್ಯಾಂಕ್, ಆಫ್ರಿಕಾ ಮೂಲದವನು. ಅರಮನೆಯ ಲೆಕ್ಕದಲ್ಲಿ ಅವನಿಗೆ ದಿನಕ್ಕೆ 8 ಪೆನ್ಸ್ ಕೂಲಿ. ಜೊತೆಯವರಷ್ಟೇ ಕೊಡಿ ಎಂದು ದೊರೆಗೆ ಅರ್ಜಿ ಹಾಕಿ ಅದನ್ನು 16 ಪೆನ್ಸ್ ಮಾಡಿಸಿಕೊಂಡ. ಅವನಿಗೆ ಲಾಂಛನವಿರಲಿಲ್ಲ, ವಂಶಾವಳಿಯನ್ನು ಯಾರೂ ಬರೆದುಕೊಳ್ಳಲಿಲ್ಲ. ಆದರೂ ಕುಲೀನರ ಗುರುತು ಕಾಯಲೆಂದು ಕಟ್ಟಿದ ಮನೆ ತನಗೆ ಅರಿವಿಲ್ಲದೆ ಒಬ್ಬ ಕೂಲಿಯ ಮುಖವನ್ನೂ ಕಾಯ್ದುಕೊಂಡು ಬಂದಿದೆ.

ದೆಹಲಿಗೆ ಹೋದ ಬಾವುಟಗಳು

ಈಗ ಸರ್ಕಾರಿ ಪತ್ರದ ವಿಷಯಕ್ಕೆ ಬರೋಣ. ಲಾಂಛನ ನಮಗೆ ಹೊಸದಲ್ಲ. ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಕದಂಬರಿಗೆ ಸಿಂಹಲಾಂಛನ, ವಾನರಧ್ವಜ. ನಮ್ಮ ಶಾಸನಗಳ ಬಿರುದಾವಳಿಗಳಲ್ಲಿ ಇವೆಲ್ಲ ಇವೆ. ಹೊರಗಿನಿಂದ ಬಂದದ್ದು ಗುರುತಲ್ಲ, ಅದರ ಚೌಕಟ್ಟು.

1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಲು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಸಿದ. ಇನ್ನೂ ಬಾಲಕನಾಗಿದ್ದ ಮೈಸೂರಿನ ಚಾಮರಾಜೇಂದ್ರ ಒಡೆಯರೂ ಹೋಗಿದ್ದರು. ಅಲ್ಲಿ ಪ್ರಮುಖ ಸಂಸ್ಥಾನಿಕರಿಗೆ ಒಂದೊಂದು ರೇಷ್ಮೆ ಬಾವುಟ ಕೊಡಲಾಯಿತು. ಐದು ಅಡಿ ಅಗಲ, ಐದು ಅಡಿ ಉದ್ದ. ಅದರ ಮೇಲೆ ಯೂರೋಪಿನ ಗುರಾಣಿಯ ಮಾದರಿಯಲ್ಲಿ ಆಯಾ ಸಂಸ್ಥಾನದ ಲಾಂಛನ. ಕೋಲು ಸಮೇತ ಒಂದೊಂದು ಬಾವುಟ ಎಷ್ಟು ಭಾರವಿತ್ತೆಂದರೆ ಇಬ್ಬರು ಗಟ್ಟಿಮುಟ್ಟಾದ ಸೈನಿಕರು ಹೊರಬೇಕಿತ್ತು. ವಿನ್ಯಾಸ ಮಾಡಿದವನು ರಾಬರ್ಟ್ ಟೇಲರ್, ಬಂಗಾಳದ ಸಿವಿಲ್ ಅಧಿಕಾರಿ. ನಾವು ನೋಡಿದ ಮನೆಯ ಹೆರಾಲ್ಡ್ ಅಲ್ಲ, ಆದರೆ ಆ ಮನೆಯ ವಿದ್ಯೆ ಕಲಿತ ಹವ್ಯಾಸಿ. 1911ರ ದರ್ಬಾರಿಗಂತೂ ‘ಡೆಲ್ಲಿ ಹೆರಾಲ್ಡ್’ ಎಂಬ ಪದವಿಯನ್ನೇ ಹುಟ್ಟಿಸಿ, ಅವನ ಸಹಾಯಕ್ಕೆ ಪಂಜಾಬಿನ ಮಲಿಕ್ ಉಮರ್ ಹಯಾತ್ ಖಾನ್ ಅವರನ್ನು ನೇಮಿಸಿದ್ದರು.

ಬಾವುಟ ಕೊಡುವುದು ಸತ್ಕಾರದಂತೆ ಕಾಣುತ್ತದೆ. ಸುತ್ತು ಹಾಕಿ ಬಂದವರಿಗೆ ಅದರ ಒಳಗುಟ್ಟು ತಿಳಿಯುತ್ತದೆ. ಲಾಂಛನವನ್ನು ಕೊಡುವವನು ದೊರೆ, ಪಡೆಯುವವನು ಪ್ರಜೆ. ಶತಮಾನಗಳಿಂದ ತಮ್ಮದೇ ಧ್ವಜ ಹಿಡಿದಿದ್ದವರು ಅಂದು ಕೈಯೊಡ್ಡಿ ಧ್ವಜ ಪಡೆದರು.

ಈಗ ಆ ಪತ್ರ ನೋಡಿ. ನಡುವೆ ಗುರಾಣಿ, ಅದರಲ್ಲಿ ಮೈಸೂರಿನಿಂದ ಬಂದ ಗಂಡಭೇರುಂಡ. ಎಡಬಲದಲ್ಲಿ ಗುರಾಣಿಯನ್ನು ಆತು ನಿಂತ ಆನೆಮೊಗದ ಸಿಂಹಗಳು, ಮೇಲೆ ಸಾರನಾಥದ ಸಿಂಹಸ್ತಂಭ, ಕೆಳಗೆ ಧ್ಯೇಯವಾಕ್ಯ. ಗುರಾಣಿ, ಆಧಾರ ಪ್ರಾಣಿಗಳು, ಶಿರೋಭೂಷಣ, ಧ್ಯೇಯವಾಕ್ಯ: ಈ ಜೋಡಣೆಯೆಲ್ಲ ಯೂರೋಪಿನ ಲಾಂಛನ ವಿದ್ಯೆಯದು. ಬಣ್ಣದ ಪ್ರತಿ ಸಿಕ್ಕರೆ ಇನ್ನೊಂದು ಗಮನಿಸಿ. ಹಿನ್ನೆಲೆ ಕೆಂಪು, ಹಕ್ಕಿ ಬಿಳಿ. ಬಣ್ಣದ ಮೇಲೆ ಲೋಹ. ನಿಯಮ ತಪ್ಪಿಲ್ಲ.

ಆದರೆ ಹಕ್ಕಿಯನ್ನು ನಮಗೆ ಯಾರೂ ಕೊಟ್ಟದ್ದಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಒಂದು ಎತ್ತರದ ಕಂಬವಿದೆ. ಅದು ಮನುಷ್ಯನ ಮೈ, ಎರಡು ಹಕ್ಕಿತಲೆಯ ಗಂಡಭೇರುಂಡನದು. ನಿಲ್ಲಿಸಿದ್ದು ಚಾವುಂಡರಾಯ ಎಂಬ ಅಧಿಕಾರಿ, 1047ರಲ್ಲಿ. ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲೂ, ಕೆಳದಿಯ ದೇವಾಲಯದ ಮಾಳಿಗೆಯ ಮೇಲೂ ಅದೇ ಹಕ್ಕಿ ರೆಕ್ಕೆ ಬಿಚ್ಚಿದೆ. ಮೂರನೆಯ ರಿಚರ್ಡ್ ಲಂಡನ್ನಿನಲ್ಲಿ ಸನ್ನದು ಬರೆದುಕೊಡುವ ಹೊತ್ತಿಗೆ ಬಳ್ಳಿಗಾವಿಯ ಕಂಬಕ್ಕೆ 437 ವರ್ಷ ವಯಸ್ಸಾಗಿತ್ತು.

ಕೊಟ್ಟವರ ದರ್ಬಾರು ಮುಗಿದಿದೆ, ಪಡೆದವರ ಸಂಸ್ಥಾನಗಳೂ ಮುಗಿದಿವೆ. ಹಕ್ಕಿ ಮಾತ್ರ ಸರ್ಕಾರಿ ಬಸ್ಸಿನ ಮೇಲೆ ಕೂತು ಊರೂರು ತಿರುಗುತ್ತಿದೆ. ಲಂಡನ್ನಿನ ಮನೆಯವರು ಬೆಂಕಿಯಿಂದ ಪುಸ್ತಕಗಳನ್ನು ಕಾಪಾಡಿಕೊಂಡು ಬಂದರು. ಕುಲೀನರ ಹೆಮ್ಮೆಗಾಗಿ ಬರೆದದ್ದಾದರೂ ಅದರಿಂದಲೇ ಇಂದು ಜಾನ್ ಬ್ಲ್ಯಾಂಕ್‌ನಂಥವರ ಮುಖವೂ ನಮಗೆ ಕಾಣುತ್ತಿದೆ. ಬಳ್ಳಿಗಾವಿಯ ಕಂಬಕ್ಕೆ ರಿಜಿಸ್ಟರಿಲ್ಲ, ಹೆರಾಲ್ಡರಿಲ್ಲ. ಅದು ಬಿಸಿಲು ಮಳೆಯಲ್ಲಿ ಬಯಲಲ್ಲೇ ನಿಂತಿದೆ. ಅದನ್ನು ಗುರುತು ಹಿಡಿಯಬೇಕಾದವರು ನಾವೇ.